ಹೆಣ್ಣು ನೋಡಲು ಹೋದ ದಿನ ಕೈಕೊಟ್ಟ ಲಾಗಿನ್

ಕೋಗಿಲಿನ ವಾಸು ಏನು ಕೆಲಸ ಮಾಡುತ್ತಾನೆಂದು ಅವನ ತಾಯಿ ದ್ರೌಪದಮ್ಮನವರಿಗೆ ಸರಿಯಾಗಿ ಗೊತ್ತಿರಲಿಲ್ಲ. "ಹೆಬ್ಬಾಳದ ಆಸ್ಪತ್ರೇಲಿ ಕಂಪ್ಯೂಟರ್ ನೋಡ್ಕೋತಾನೆ" ಎನ್ನುತ್ತಿದ್ದರು, ಕೇಳಿದವರು ಕಾವಲುಗಾರನೆಂದುಕೊಳ್ಳುತ್ತಿದ್ದರು. ಪೂರ್ತಿ ತಪ್ಪೇನಲ್ಲ. ರೋಗಿಗಳ ವಿವರ, ಬಿಲ್ಲುಗಳೆಲ್ಲ ಇರುವ ಡೇಟಾಬೇಸನ್ನು ಕಾಯುವುದೇ ಅವನ ಕೆಲಸ. ಅದು ನಡೆಯುತ್ತಿದ್ದಾಗ ವಾಸು ಎಂಬವನಿದ್ದಾನೆಂದು ಆಸ್ಪತ್ರೆಗೆ ನೆನಪಿರುತ್ತಿರಲಿಲ್ಲ. ನಿಂತರೆ ಮಾತ್ರ ಗೇಟಿನ ಸೆಕ್ಯುರಿಟಿಗೂ ಅವನ ನಂಬರು ಬಾಯಿಪಾಠ.

ಆ ನಂಬರಿನಿಂದಲೇ ಹಿಂದಿನ ಸಂಬಂಧ ಮುರಿದಿತ್ತು. ಅಮೃತಹಳ್ಳಿಯ ಹೆಣ್ಣಿನ ಮನೆಯಲ್ಲಿ ಕೂತಷ್ಟು ಹೊತ್ತೂ ಫೋನು ನೋಡಿದ್ದಕ್ಕೆ, ಹುಡುಗನಿಗೆ ಬೇರೆ ಯಾರೋ ಇದ್ದಾಳೆಂದು ಅವರು ತೀರ್ಮಾನಿಸಿಬಿಟ್ಟರು. ಇದ್ದದ್ದು ಸರ್ವರ್. ಹಾಗೆಂದರೆ ನಂಬುವವರು ಯಾರು? ಈ ಸಲವೂ ತಪ್ಪಿದರೆ ಮತ್ತೆ ನಿನ್ನ ಜಾತಕ ಮುಟ್ಟುವುದಿಲ್ಲವೆಂದು ದ್ರೌಪದಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. 2018ರ ಆ ಭಾನುವಾರ ಅಟ್ಟೂರಿನ ಚಿಕ್ಕಹನುಮಯ್ಯನವರ ಮನೆ ಬಾಗಿಲಲ್ಲೇ ಅವನ ಫೋನು ಸೈಲೆಂಟ್ ಮಾಡಿಸಿ, ಕಸಿದು ತಮ್ಮ ಬ್ಯಾಗಿಗೆ ಹಾಕಿಕೊಂಡರು.

ವಾಸು ನಿಶ್ಚಿಂತನಾಗಿದ್ದ. ಬೆಳಗ್ಗೆಯಷ್ಟೇ ಡೇಟಾಬೇಸಿನ ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಿ ಬಂದಿದ್ದ. ತನ್ನ ಹೆಸರಿನಲ್ಲಿ ಲಾಗಿನ್ ಮಾಡಿ ನೋಡಿದ, ಆಯಿತು. ಬಿಲ್ಲಿಂಗ್ ಪ್ರೋಗ್ರಾಮಿಗೂ ಆಗುತ್ತದೆಯೇ ಎಂದು ನೋಡಬೇಕಿತ್ತು. ಆದರೆ ಹೆಣ್ಣು ನೋಡಲು ಹೋಗುವ ಮುಂಚೆ ಕೂದಲು ಕತ್ತರಿಸಿಕೊಳ್ಳಬೇಕಿತ್ತು, ಕಟಿಂಗ್ ಶಾಪಿನಲ್ಲಿ ಜನ ಸೇರುವ ಹೊತ್ತಾಗಿತ್ತು.

ಚಿಕ್ಕಹನುಮಯ್ಯನವರು ಹಿಂದೆ ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಬಾಡಿಗೆ ಮನೆ ಬೆಳೆಯುವವರು. ಹುಡುಗ ಕಂಪ್ಯೂಟರ್ ಕೆಲಸದವನೆಂದಷ್ಟೇ ಅವರಿಗೆ ಗೊತ್ತಿತ್ತು; ಕಾವಲುಗಾರನೆಂದುಕೊಂಡಾರೆಂದು ದ್ರೌಪದಮ್ಮ ಈ ಸಲ ಆಸ್ಪತ್ರೆಯ ಹೆಸರೆತ್ತಿರಲಿಲ್ಲ. ಉಪ್ಪಿಟ್ಟು, ಕೇಸರಿಬಾತು ಬಂದವು, ಹುಡುಗಿ ಮಂಜುಶ್ರೀ ಬಂದಳು. ಬಾರದಿದ್ದದ್ದು ಅವಳ ಸೋದರಮಾವ ಬೈರಣ್ಣನವರು ಮಾತ್ರ. ಅವರಿಲ್ಲದೆ ತಾಂಬೂಲ ಬದಲಾಯಿಸುವಂತಿಲ್ಲ, ನಾಲ್ಕೂವರೆಗೆ ರಾಹುಕಾಲ.

"ಜ್ವರಕ್ಕೆ ಸೇರಿದ್ದ, ಇವತ್ತು ಡಿಸ್ಚಾರ್ಜು," ಎಂದರು ಚಿಕ್ಕಹನುಮಯ್ಯ. "ಹೆಬ್ಬಾಳದ ಆಸ್ಪತ್ರೇಲಿ ಮಧ್ಯಾಹ್ನ ಕೌಂಟರ್ ತೆಗೆದಾಗ್ಲಿಂದ ಬಿಲ್ಲೇ ಆಗ್ತಿಲ್ವಂತೆ ಕಣ್ರೀ. ಯಾವನೋ ಕಂಪ್ಯೂಟರ್ ಕೆಡಿಸ್ಬುಟ್ಟು ಫೋನೂ ಎತ್ತದೆ ಕೂತವ್ನಂತೆ. ಅಂಥೋನ್ಗೂ ಯಾರಾದ್ರೂ ಹೆಣ್ಣು ಕೊಡ್ತಾರಲ್ಲ, ಅವ್ರಿಗೆ ಹೇಳ್ಬೇಕು."

ವಾಸು ಕೇಸರಿಬಾತಿನ ಚಮಚ ಕೆಳಗಿಟ್ಟು ಅಮ್ಮನ ಬ್ಯಾಗಿನ ಕಡೆ ನೋಡಿದ. ಕಾಯುವವನೇ ಕೆಡಿಸಿಯಾನೆಂದು ಹೊಳೆಯದ ದ್ರೌಪದಮ್ಮ ಮಾತ್ರ, "ಊಂ ಕಣಣ್ಣ, ಈಗಿನೋರ್ಗೆ ಜವಾಬ್ದಾರೀನೇ ಇಲ್ಲ" ಎಂದು ಒಗ್ಗರಣೆ ಹಾಕಿದರು.

ಅಷ್ಟರಲ್ಲಿ ಹಿರಿಯರು, ಈಗಿನ ಪದ್ಧತಿಯಂತೆ, ಹುಡುಗ ಹುಡುಗಿ ಒಂದಿಷ್ಟು ಮಾತಾಡಿಕೊಳ್ಳಲಿ ಎಂದು ಮಹಡಿಯ ಕೋಣೆಗೆ ಕಳಿಸಿದರು. ವಾಸು ಆಡಿದ ಮೊದಲ ಪ್ರೇಮದ ಮಾತು, "ಲ್ಯಾಪ್‌ಟಾಪ್ ಇದ್ಯಾ?"

ಸಂಗತಿ ಕೇಳಿ ಮಂಜುಶ್ರೀ ಲ್ಯಾಪ್‌ಟಾಪಿನ ಜೊತೆ ತನ್ನ ಫೋನನ್ನೂ ಕೊಟ್ಟಳು. ಬಿಲ್ಲಿಂಗ್ ಕೌಂಟರಿನವಳಿಂದ ಬೈಸಿಕೊಳ್ಳುತ್ತಲೇ ಅವನು ಅಲ್ಲಿಂದಲೇ ಆಸ್ಪತ್ರೆಯ ಸರ್ವರಿಗೆ ಹೋದ.

"ಪಾಸ್‌ವರ್ಡ್ ತಪ್ಪಾ?" ಎಂದಳು ಮಂಜುಶ್ರೀ.

"ಸರಿಯಾಗೇ ಇದೆ. ಹೊಸ ಸರ್ವರ್ ಅದನ್ನ ಹೊಸ ರೀತೀಲಿ ಕೇಳುತ್ತೆ. ಬಿಲ್ಲಿಂಗ್ ಪ್ರೋಗ್ರಾಮು ಹಳೇದು, ಹಳೇ ರೀತೀಲೇ ಹೇಳುತ್ತೆ. ಇದೊಂದಕ್ಕೆ ಹಳೇ ರೀತೀನೇ ನಡೀಲಿ ಅಂತ ಸರ್ವರ್ಗೆ ಹೇಳ್ಬೇಕು."

"ನಮ್ಮಪ್ಪನ ಹತ್ರ ನಾವು ಹಂಗೇ ಮಾಡೋದು," ಎಂದಳು.

ಅವನು ಒಂದು ಸಾಲು ಬರೆದು, ಆ ಪಾಸ್‌ವರ್ಡನ್ನು ಮತ್ತೆ ಕೊಟ್ಟ. ಬಿಲ್ಲು ಬಂತು ಎಂದಷ್ಟೇ ಹೇಳಿ ಕೌಂಟರಿನವಳು ಫೋನಿಟ್ಟಳು. ಥ್ಯಾಂಕ್ಸ್ ಹೇಳುವ ಸಂಪ್ರದಾಯ ಆ ಆಸ್ಪತ್ರೆಯಲ್ಲಿರಲಿಲ್ಲ. ಕೆಳಗೆ ಹಿರಿಯರು ಹಿಗ್ಗುತ್ತಿದ್ದರು. ಇಷ್ಟು ಹೊತ್ತು ಮಾತಾಡುತ್ತಾರೆಂದರೆ ಒಪ್ಪಿದಂತೆಯೇ ಅಲ್ಲವೆ?

ಬೈರಣ್ಣನವರು ಆಟೋ ಇಳಿದು ಬಂದದ್ದು ಮಹಡಿಗೂ ಕೇಳಿಸಿತು. "ಕೆಡಿಸ್ದೋನ ಮನೆ ಆಳಾಗ. ಸರಿ ಮಾಡ್ದೋನ್ಯಾರೋ ಪುಣ್ಯಾತ್ಮ, ಅವನ ಒಟ್ಟೆ ತಣ್ಣಗಿರ್ಲಿ."

ಮೆಟ್ಟಿಲಿಳಿಯುವಾಗ ಮಂಜುಶ್ರೀ ಮೆಲ್ಲಗೆ ಕೇಳಿದಳು, "ನೀವು ಹೇಳ್ತೀರೋ, ನಾನು ಹೇಳ್ಲೋ?"

ಸುಮ್ಮನಿದ್ದಿದ್ದರೆ ಮದುವೆ ನಿಶ್ಚಯವಾಗುತ್ತಿತ್ತು. ಆದರೆ ವಾಸು ಕೆಳಗಿಳಿದವನೇ ಬೈರಣ್ಣನವರಿಗೆ, "ಕೆಡಿಸ್ದೋನು, ಸರಿ ಮಾಡ್ದೋನು ಇಬ್ರೂ ನಾನೇ" ಎಂದುಬಿಟ್ಟ.

ದ್ರೌಪದಮ್ಮ ಬ್ಯಾಗಿನಿಂದ ಫೋನು ತೆಗೆದು ನೋಡಿ, ಆಸ್ಪತ್ರೆಯ ಕರೆಗಳ ಸಾಲು ಕಂಡು ತಲೆತಗ್ಗಿಸಿದರು. ಚಿಕ್ಕಹನುಮಯ್ಯನವರ ಮುಖ ಕೆಂಪಾಯಿತು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಲಕ್ಷ್ಮಿದೇವಮ್ಮ, ಹುಡುಗಿಯ ತಾಯಿ, ಬಾಯಿ ತೆರೆದರು.

"ತಾನು ಕೆಡಿಸಿದ್ದನ್ನ ತಾನೇ ಕೂತು ಸರಿ ಮಾಡೋ ಗಂಡ್ಸು ಈ ಮನೇಲಿ ಯಾರವ್ರೆ?" ಎಂದು ಗಂಡನನ್ನು ನೋಡಿದರು, ಆಮೇಲೆ ತಮ್ಮನನ್ನು. "ಮಂಜು, ತಾಂಬೂಲದ ತಟ್ಟೆ ತಗೊಂಬಾ."

ಚಿಕ್ಕಹನುಮಯ್ಯನವರು ಬೈರಣ್ಣನ ಮುಖ ನೋಡಿದರು, ಬೈರಣ್ಣ ಗಡಿಯಾರ ನೋಡಿದರು. ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.