ಗೌರೀಶನ ಡಿಶ್, ವೀರೇಂದ್ರನ ಕ್ಯಾಮೆರಾ

ಧಾರವಾಡದ ಗೌರೀಶನಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ, ಆಕಾಶದ ಮೇಲೆ ಹೆಚ್ಚು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಕೊಂಡವನೇ ಹಿತ್ತಲಲ್ಲಿ ದೊಡ್ಡ ಡಿಶ್ ನಿಲ್ಲಿಸಿದ. ಯಾವುದೋ ನಕ್ಷತ್ರದ ಕಡೆ ಬುದ್ಧಿಯುಳ್ಳವರಿದ್ದು, ರೇಡಿಯೊದಲ್ಲಿ ಏನಾದರೂ ಕಳಿಸಿದರೆ ಅದು ತನಗೆ ಸಿಗಬೇಕೆಂಬ ಹಟ. ಸಬರ್ಬಿನ ಕನ್ನಡದವರು ಬೆನ್ನ ಹಿಂದೆ 'ಏಲಿಯನ್ ಅಂಕಲ್' ಎಂದು ನಗುತ್ತಿದ್ದರು. ನಗದವನು ಪಕ್ಕದ ಮನೆಯ ವೀರೇಂದ್ರ ಒಬ್ಬನೇ. ಕಾಲೇಜಿನ ಗೆಳೆಯ, ಡಿಶ್ಶಿನ ಬುಡಕ್ಕೆ ಕಾಂಕ್ರೀಟ್ ಕಲಸಿದವನೂ ಅವನೇ.

ಆ ವೀರೇಂದ್ರ ಕಳ್ಳರ ಭಯಕ್ಕೆ ಮನೆಯ ಸುತ್ತ ಕ್ಯಾಮೆರಾ ಹಾಕಿಸಿದ. ಅದೇ ವಾರ, ಡಿಶ್ಶಿಗೆ ಬಂದ ಸದ್ದನ್ನೆಲ್ಲ ಗೆರೆಯಾಗಿ ತೋರಿಸುವ ಗೌರೀಶನ ಕಂಪ್ಯೂಟರ್ ಸ್ಕ್ರೀನಿನಲ್ಲಿ ಒಂದು ಗೆರೆ ಮೂಡಿತು. ಡಿಶ್ಶನ್ನು ಎತ್ತ ತಿರುಗಿಸಿದರೂ ಹೋಗಲಿಲ್ಲ. ಅಂದಮೇಲೆ ಅದು ನಕ್ಷತ್ರದ್ದಲ್ಲ, ನೆಲದ ಮೇಲಿನದೇ ಯಾವುದೋ ಕರೆಂಟ್ ಸಾಮಾನಿನ ಗದ್ದಲ. ತನ್ನ ಮನೆಯ ಫ್ರಿಜ್, ಟಿವಿ, ವೈಫೈ ಎಲ್ಲ ಬಂದ್ ಮಾಡಿ ನೋಡಿದ. ಗೆರೆ ಇದ್ದೇ ಇತ್ತು. ವೀರೇಂದ್ರನಿಗೆ ಹೇಳಿ ಕ್ಯಾಮೆರಾ ಬಂದ್ ಮಾಡಿಸಿದ. ಆಗಲೂ ಇತ್ತು.

"ನೀ ಆಫ್ ಮಾಡಿಲ್ಲಲೇ. ಸುಳ್ಳ ಹೇಳಾಕತ್ತಿ."

"ಲೇ ಗೌರ್ಯಾ, ಮಕ್ಕಳಾಣಿ, ಪ್ಲಗ್ ಕಿತ್ತೀನಿ."

"ಮಕ್ಕಳ ಮ್ಯಾಲೆ ಸುಳ್ಳಾಣಿ ಬ್ಯಾರೆ!"

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎಲುಬಿಲ್ಲದ ನಾಲಿಗೆ. ಗೌರೀಶ ಅಲ್ಲಿನ ನಗರಸಭೆಯಾದ ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಟ್ಟ. ಕನ್ನಡ ಸಂಘದ ಹಬ್ಬದೂಟದಲ್ಲಿ ಎಲ್ಲರೆದುರು 'ಸುಳ್ಳುಬುರುಕ' ಎಂದ. ವೀರೇಂದ್ರ ತಟ್ಟೆ ಬಿಟ್ಟು ಎದ್ದು ಹೋದ. ಬೇಲಿಯ ಮೇಲಿಂದ ಬರುತ್ತಿದ್ದ ಜೋಳದ ರೊಟ್ಟಿ ಅಂದಿಗೇ ನಿಂತಿತು.

ವರ್ಷವೊಂದು ಹಲ್ಲು ಕಡಿಯುವುದರಲ್ಲೇ ಕಳೆಯಿತು. ಆಮೇಲೊಂದು ಬೆಳಿಗ್ಗೆ ಗೆರೆ ಮಾಯ. ಗೌರೀಶ ಬೇಲಿಯಾಚೆ ಇಣುಕಿದ. ಕ್ಯಾಮೆರಾಗಳ ಕೆಂಪು ದೀಪ ಉರಿಯುತ್ತಲೇ ಇತ್ತು. ಒಳಗೆ ಬಂದರೆ ತನ್ನ ಹೆಂಡತಿ ಮಾಧುರಿ ಬತ್ತಿ ಹೊಸೆಯುತ್ತ ಕೂತಿದ್ದಳು.

"ದೇವರ ಮನಿ ಕರೆಂಟ್ ದೀಪ ಸುಟ್ಟು ಹೋಗೇತ್ರಿ."

ಹಗಲೂ ರಾತ್ರಿ ಉರಿಯುತ್ತಿದ್ದ ಆ ಅಗ್ಗದ ದೀಪವನ್ನು ಜೋಡಿಯಲ್ಲಿ ಕೊಂಡು ತಂದವನು ಅವನೇ, ಕ್ಯಾಮೆರಾ ಬಂದ ವಾರವೇ. ಬಳಸದೆ ಡಬ್ಬಿಯಲ್ಲೇ ಉಳಿದಿದ್ದ ಇನ್ನೊಂದನ್ನು ಪ್ಲಗ್ಗಿಗೆ ಚುಚ್ಚಿ ನೋಡಿದ. ಗೆರೆ ಮರಳಿ ಬಂತು. ಮನೆಯದೆಲ್ಲ ಬಂದ್ ಮಾಡಿದ್ದ ಮಹಾಶಯ ಇದೊಂದನ್ನು ಮುಟ್ಟಿರಲಿಲ್ಲ. ದೇವರ ದೀಪ ಆರಿಸುವುದುಂಟೇ? ಗೆಳೆಯನ ಮಾನ ಕಳೆಯಲು ಮಾತ್ರ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ.

ನಾಚಿಕೆಯಿಂದ ಕುಗ್ಗಿ ಹೋಗಿ ವೀರೇಂದ್ರನ ಬಾಗಿಲು ತಟ್ಟಿದ.

"ತಪ್ಪು ನಂದಲೇ. ಗದ್ದಲ ನಮ್ಮ ದೇವರ ಮನಿ ದೀಪದ್ದು."

ವೀರೇಂದ್ರ ಜಾಲರಿಯ ಬಾಗಿಲು ತೆರೆಯಲಿಲ್ಲ.

"ಗೌರೀಶ ಅವರ, ಪ್ಲಗ್ ಕಿತ್ತೀನಿ ಅಂತ ಎದುರಿಗೆ ನಿಂತು ಹೇಳಿದ್ದೆ, ಕೇಳ್ಲಿಲ್ಲ ನೀವು. ಈಗ ನಾ ಕೇಳೂದಿಲ್ಲ. ಹೋಗ್ರಿ, ನಿಮ್ಮ ಡಿಶ್ಶಿನ್ಯಾಗ ಮ್ಯಾಲಿನವ್ರು ಏನಾರ ಅಂತಾರೇನು ನೋಡ್ರಿ."

ಒಳಬಾಗಿಲೂ ಮುಚ್ಚಿತು.