ಖಾರವಿಲ್ಲದ ಸಾರು, ಬಾಗಿಲಿಗೊಂದು ಸೀರೆ

ಅಗ್ರಹಾರದ ಬೀದಿಗೆ ಇನ್ನೂ ಬೆಳಕು ಇಳಿದಿಲ್ಲ. ಪ್ರಭುಸ್ವಾಮಿ ತಮ್ಮ ಇಡ್ಲಿ ಅಂಗಡಿಯ ಒಲೆ ಹೊತ್ತಿಸಿ, ಮೊದಲು ಒಂದು ಚಿಕ್ಕ ಪಾತ್ರೆ ಇಡುತ್ತಾರೆ. ದೊಡ್ಡ ಪಾತ್ರೆಯ ಸರದಿ ಆಮೇಲೆ. ಒಬ್ಬಿಬ್ಬರಿಗಾಗಿ ಬೇರೆ ಸಾರು ಕುದಿಸುವುದು ಲಾಭದ ಲೆಕ್ಕವಲ್ಲ. ಆದರೂ ಈ ಅಂಗಡಿಯ ಕ್ರಮ ಇದೇ. ಹುಳಿ ಒಗ್ಗದವರು, ಬೆಳ್ಳುಳ್ಳಿ ಮುಟ್ಟದವರು, ಬಿಪಿಯಿಂದಾಗಿ ಉಪ್ಪು ಬಿಟ್ಟಿರುವ ಆಟೋ ಚಾಲಕ ಚಿಕ್ಕಣ್ಣ, ಇವರ ಪಾಲು ಚಿಕ್ಕ ಪಾತ್ರೆಯದು.

ಇವತ್ತು ಅದರಲ್ಲಿ ಕುದಿಯುತ್ತಿರುವುದು ಮೆಣಸಿನಕಾಯಿಯೇ ಇಲ್ಲದ ಸಾರು.

“ಖಾರ ಇಲ್ದೆ ಅದನ್ನ ಸಾರು ಅಂತಾರೇನ್ರೀ? ಬೇಳೆ ಸ್ನಾನ ಮಾಡಿದ ನೀರು ಅದು,” ಎಂದು ಪತ್ನಿ ಪ್ರೇಮಲೀಲಾ ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುತ್ತ ಛೇಡಿಸುತ್ತಾರೆ. ಪ್ರಭುಸ್ವಾಮಿ ನಗುವುದಿಲ್ಲ. ಮತ್ತೊಮ್ಮೆ ರುಚಿ ನೋಡಿ, ಇನ್ನಷ್ಟು ಕೊತ್ತಂಬರಿ ಸೊಪ್ಪು ಹಾಕುತ್ತಾರೆ. ಜಪಾನಿನ ಸುಮಿ ಅಜ್ಜಿ ಇಂದು ತಿಂಡಿಗೆ ಬರುವವರಿದ್ದಾರೆ. ಗೋಕುಲಂನಲ್ಲಿ ಯೋಗ ಕಲಿಯುತ್ತಿರುವ ಮೊಮ್ಮಗಳನ್ನು ನೋಡಲು ಬಂದ ಅವರು ನಾಳೆ ಊರಿಗೆ ಹೊರಡುತ್ತಾರೆ. ಅವರಿಗೆ ಕೈಯಾರೆ ಬಡಿಸಲು ಪ್ರಭುಸ್ವಾಮಿಗೆ ಸಿಕ್ಕಿರುವುದು ಇದೊಂದೇ ಬೆಳಗು. ಅಜ್ಜಿಯ ನಾಲಿಗೆಯೋ ಕಾಳುಮೆಣಸಿನ ಚೂರನ್ನೂ ತಡೆಯದು.

ಸಿದ್ಧಾರ್ಥನಗರದಲ್ಲಿ ಬೆಳೆದ ಪ್ರಭುಸ್ವಾಮಿ, ವೆಲ್ಡಿಂಗ್ ಕಲಿತು ಜಪಾನಿನ ನಾಗಾನೊ ಸೀಮೆಯ ಬೆಟ್ಟದೂರೊಂದರ ಸಣ್ಣ ಕಾರ್ಖಾನೆಗೆ ಕೆಲಸಕ್ಕೆ ಹೋಗಿ ಬಂದವರು. ಮೀನು, ಮಾಂಸ ಮುಟ್ಟದ ಮನೆತನ. ಕೋಣೆಯಲ್ಲಿ ಅನ್ನ ಬೇಯಿಸಿ, ಮನೆಯಿಂದ ಒಯ್ದ ಉಪ್ಪಿನಕಾಯಿ ನಂಚಿಕೊಂಡು ದಿನ ನೂಕಿದರು. ರಜೆಯಲ್ಲಿ ಸೈಕಲ್ ಹತ್ತಿ ಊರೆಲ್ಲ ಸುತ್ತಿದರೂ ಒಂದು ಹೋಟೆಲೂ ಕಣ್ಣಿಗೆ ಬೀಳಲಿಲ್ಲ.

“ನಮ್ಮೂರಲ್ಲಿ ಹೋಟ್ಲು ಅಂದ್ರೆ ಬೀದಿಗೇ ಒಲೆ, ಬೀದಿಗೇ ಘಮ. ಅಲ್ಲಿ ಎಲ್ಲಾ ಬಾಗ್ಲೂ ಮುಚ್ಚಿರೋವು. ಕೆಲವು ಬಾಗ್ಲಿಗೆ ನೀಲಿ ಬಟ್ಟೆ ನೇತಾಕಿರೋರು. ಪಾಪ, ಒಗ್ದು ಒಣಗಾಕವ್ರೆ ಅಂದ್ಕೊಂಡು ಪಕ್ಕಕ್ಕೆ ಸರ್ಕೊಂಡು ಹೋಗ್ತಿದ್ದೆ,” ಎನ್ನುತ್ತಾರೆ.

ಒಂದು ದಿನ ಗಾಳಿಗೆ ಅಂಥದೊಂದು ಬಟ್ಟೆ ಹಿಮದ ಮೇಲೆ ಬಿತ್ತು. ಕೊಡವಿ, ಮಡಚಿ, ಹಿಂದಿರುಗಿಸಲೆಂದು ಬಾಗಿಲು ಸರಿಸಿದರೆ ಒಳಗೆ ಹಬೆ, ಹರಟೆ, ಬಟ್ಟಲು ಹಿಡಿದ ಜನ! ಹೋಟೆಲು ತೆರೆದಿದೆ ಎಂದು ಸಾರುವ ಪರದೆಯನ್ನೇ ಅವರು ಅಷ್ಟು ದಿನ ಒಗೆದ ಬಟ್ಟೆಯೆಂದು ತಿಳಿದಿದ್ದರು. ಒಡತಿ ಸುಮಿ ಅಜ್ಜಿ ಅವರನ್ನು ಕೂರಿಸಿ, ಸೋಬಾ ಎಂಬ ಶಾವಿಗೆಯ ಬಟ್ಟಲು ಮುಂದಿಟ್ಟರು. ಸಾರಿನಲ್ಲಿ ಒಣಮೀನಿದೆ ಎಂದು ತಿಳಿದು ಪ್ರಭುಸ್ವಾಮಿ ಕೈಮುಗಿದು ಎದ್ದರು. ಮುಂದಿನ ವಾರ ಬಾ ಎಂದು ಅಜ್ಜಿ ಸನ್ನೆ ಮಾಡಿದರು. ಹೋದರೆ, ಒಲೆಯ ಮೂಲೆಯಲ್ಲಿ ಅವರಿಗೆಂದೇ ಒಂದು ಚಿಕ್ಕ ಪಾತ್ರೆ ಕುದಿಯುತ್ತಿತ್ತು. ಅದರಲ್ಲಿ ಅಣಬೆ, ಕಡಲಪಾಚಿ, ಅಷ್ಟೇ.

“ಆಮೇಲೆ ಬಟ್ಟೆ ಕಂಡಲ್ಲೆಲ್ಲ ತಲೆ ಹಾಕ್ದೆ. ಎಷ್ಟೊಂದು ಹೋಟ್ಲು! ಒಂದ್ಸಲ ಮಾತ್ರ ನಿಜ್ವಾಗ್ಲೂ ಯಾರ್ದೋ ಮನೆ. ಅವ್ರೂ ಟೀ ಕೊಟ್ಟೇ ಕಳ್ಸಿದ್ರು ಬುಡಿ.”

ಅಷ್ಟರಲ್ಲಿ ಚಿಕ್ಕಣ್ಣನ ಆಟೋ ಬಂದು ನಿಲ್ಲುತ್ತದೆ. ಅಜ್ಜಿ ಇಳಿಯುತ್ತಾರೆ, ಆದರೆ ಬೀದಿಯ ಆಚೆಯೇ ನಿಂತುಬಿಡುತ್ತಾರೆ. ಕರೆದಷ್ಟೂ ತಲೆಬಾಗಿ ಹಿಂದೆ ಸರಿಯುತ್ತಾರೆ.

“ಏನ್ ಸ್ವಾಮೇರೇ, ನಿಮ್ಮ ಒಗ್ಗರಣೆ ಘಾಟಿಗೇ ಅಜ್ಜಿ ಎದ್ರುಕೊಂಡ್ರು ಕಣ್ರೀ!” ಚಿಕ್ಕಣ್ಣ ಕೂಗುತ್ತಾನೆ.

ಪ್ರಭುಸ್ವಾಮಿಯ ಮುಖ ಬಾಡುತ್ತದೆ. ಬೀದಿ ದಾಟಿ ಜಪಾನಿ ಭಾಷೆಯಲ್ಲೇ ವಿಚಾರಿಸುತ್ತಾರೆ. ಅಜ್ಜಿ ಮೆಲ್ಲಗೆ ಉತ್ತರಿಸುತ್ತಾರೆ: “ಪರದೆ ಇನ್ನೂ ಹಾಕಿಲ್ಲವಲ್ಲ. ನಿಮ್ಮ ಸಿದ್ಧತೆ ಮುಗಿಯಲಿ, ಕಾಯುತ್ತೇನೆ.”

ಪ್ರಭುಸ್ವಾಮಿ ಓಡಿ ಬಂದು, ಹಿತ್ತಲ ಹಗ್ಗದ ಮೇಲಿದ್ದ ನೀಲಿ ಸೀರೆಯನ್ನು ಎಳೆದು ಅಂಗಡಿಯ ಮುಂಭಾಗಕ್ಕೆ ಅಡ್ಡ ಕಟ್ಟುತ್ತಾರೆ.

“ಅಯ್ಯೋ, ನನ್ನ ಸೀರೆ ಕಣ್ರೀ ಅದು!”

ಅಜ್ಜಿಗೆ ನಗು ತಡೆಯುವುದಿಲ್ಲ. ಸೆರಗಿನ ಅಂಚು ಎತ್ತಿ, ಬಗ್ಗಿ, ಒಳಗೆ ಬರುತ್ತಾರೆ. ಇಡ್ಲಿ ಮುರಿದು ಚಿಕ್ಕ ಪಾತ್ರೆಯ ಸಾರಿನಲ್ಲಿ ಅದ್ದುತ್ತಾರೆ. ಪ್ರಭುಸ್ವಾಮಿ ಸೌಟು ಹಿಡಿದು ನಿಂತೇ ಇದ್ದಾರೆ. ಕೊನೆಗೆ ಅಜ್ಜಿ ಎರಡೂ ಕೈಯಿಂದ ಬಟ್ಟಲೆತ್ತಿ, ತಳ ಕಾಣುವವರೆಗೆ ಕುಡಿದು, ಅದನ್ನು ಪ್ರೇಮಲೀಲಾರ ಮುಂದೆ ಚಾಚುತ್ತಾರೆ.

“ಬಡ್ಸು, ಬಡ್ಸು. ಬೇಳೆ ಸ್ನಾನ ಮಾಡಿದ ನೀರು,” ಎಂದು ಪ್ರಭುಸ್ವಾಮಿ ಇಂದು ಮೊದಲ ಬಾರಿಗೆ ನಗುತ್ತಾರೆ.

ಹೊರಗೆ ಯಾರದೋ ದನಿ ಕೇಳುತ್ತದೆ: “ಸೀರೆ ಒಣಗಾಕವ್ರೆ ಕಣೋ, ಇವತ್ತು ಅಂಗಡಿ ಇಲ್ಲ.” ಹೆಜ್ಜೆಗಳು ದೂರವಾಗುತ್ತವೆ.

“ಗಿರಾಕಿ ಹೋಗ್ತಾವ್ರೆ, ಸೀರೆ ಬಿಚ್ರೀ!” ಎನ್ನುತ್ತಾರೆ ಪ್ರೇಮಲೀಲಾ.

“ಅಜ್ಜಿ ಕೈ ತೊಳೀಲಿ, ತಡಿ,” ಎನ್ನುತ್ತಾರೆ ಪ್ರಭುಸ್ವಾಮಿ. “ಅಲ್ಲೀಗಂಟ ಅಂಗಡಿ ತೆಗ್ದೈತೆ.”