ನಾರಾವಿ ಬಸ್ಸಿನ ಪುಟ

ರೆಸ್ಯೂಮೆಯಲ್ಲಿ ಓದು, ಅಂಕ, ಕಲಿತ ಪ್ರೋಗ್ರಾಮಿಂಗ್ ಭಾಷೆ ಎಲ್ಲ ಸಲೀಸಾಗಿ ತುಂಬಿದೆ. ‘ಸ್ವಂತ ಪ್ರಾಜೆಕ್ಟ್’ ಎಂಬಲ್ಲಿ ಕೈ ನಿಂತಿತು. ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಮೂಡುಬಿದಿರೆಯಿಂದ ಹೊರಡುವ ಖಾಸಗಿ ಬಸ್ಸುಗಳ ಸಮಯ ತೋರಿಸುವ ಒಂದು ವೆಬ್ ಪುಟ ಮಾತ್ರ. ಅಮ್ಮ ಬಸ್ ತಪ್ಪಿಸಿಕೊಂಡು ಬಂದು ನನ್ನ ಮೇಲೆ ಹರಿಹಾಯುತ್ತಿದ್ದಳು, ಆ ಕಾಟ ತಡೆಯಲಾರದೆ ಮಾಡಿದ್ದು. ನಮ್ಮ ಕಡೆ ಬಸ್ಸಿನ ನಂಬರ್ ನೋಡುವವರಿಲ್ಲ; ಬಣ್ಣ, ಹೊತ್ತು ನೋಡಿಯೇ ಗುರುತು. ಪುಟದಲ್ಲೂ ‘ಕಾಲೇಜು ಬಿಟ್ಟ ಮೇಲಿನ ನೀಲಿ ಬಸ್’ ಎಂದೇ ಬರೆದಿದ್ದೆ. ಕಂಪನಿಯವರು ನಕ್ಕಾರು ಎಂದು ನಾಚಿಕೆಯಾಯಿತು.

ಮಿಜಾರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿ ಫೋನಿನಲ್ಲಿ ಉಪದೇಶ ಕೊಟ್ಟಳು. “ಸಾವಿರಾರು ಜನ ಬಳಸ್ತಾರೆ ಅಂತ ಹಾಕು ಮಾರಾಯ್ತಿ. ಯಾರು ಬಂದು ಎಣಿಸ್ತಾರೆ?”

“ಅಮ್ಮ ಒಬ್ಬಳನ್ನು ಸಾವಿರ ಮಾಡ್ಲಿಕ್ಕೆ ನನಗೆ ಬರುವುದಿಲ್ಲ,” ಎಂದು ರೇಗಿದೆ. ಸಿಟ್ಟಿನಲ್ಲಿ ‘ಸ್ವಂತ ಪ್ರಾಜೆಕ್ಟ್’ ಎಂಬ ಸಾಲನ್ನೇ ಅಳಿಸಿದೆ. ಇನ್ನು ಇದನ್ನು ನೋಡಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲವೆಂದು ಗೊತ್ತಿತ್ತು.

ಮರುದಿನ ಶನಿವಾರ. ರೆಸ್ಯೂಮೆಗೆ ಫೋಟೋ ತೆಗೆಸಿಕೊಂಡು, ಸಂಜೆ ಮನೆಗೆ ಹೋಗಲು ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಬಂಟ್ವಾಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಡುವಯಸ್ಸಿನ ಹೆಂಗಸು, ಅವರ ಹೆಗಲಿಗೆ ಒರಗಿದ ಗಂಡ. ಡಯಾಲಿಸಿಸ್ ಮುಗಿಸಿ ನಾರಾವಿಗೆ ಹೊರಟಿದ್ದೇವೆ ಎಂದು ಅವರೇ ಹೇಳಿದರು.

“ನಾರಾವಿ ಬಸ್ ಹೋಯ್ತಲ್ಲ ಅಕ್ಕ,” ಎಂದರು ಎದುರಿನ ಹೂವಿನಂಗಡಿಯವರು.

ಹೆಂಗಸು ಗಾಬರಿಯಾಗಲಿಲ್ಲ. ಫೋನ್ ನೋಡಿ, “ಇನ್ನೊಂದು ಉಂಟಣ್ಣ. ಶನಿವಾರ ಹಸಿರು ಬಸ್ ತಡವಾಗಿ ಬರ್ತದೆ. ಇದರಲ್ಲಿ ಹಾಕಿದ್ದಾರೆ,” ಎಂದರು.

ಬಗ್ಗಿ ನೋಡಿದೆ. ನನ್ನದೇ ಪುಟ. ಹೆಮ್ಮೆಯಾಯಿತು. ಮರುಗಳಿಗೆಗೆ ಭಯವಾಯಿತು. ಶನಿವಾರದ ಆ ಬಸ್ಸನ್ನು ಕಂಡಕ್ಟರೊಬ್ಬರ ಬಾಯಿಮಾತು ನಂಬಿ ಸೇರಿಸಿದ್ದೆ, ಕಣ್ಣಾರೆ ನೋಡಿರಲಿಲ್ಲ.

“ಇದನ್ನು ನೋಡಿಯೇ ಇವರನ್ನು ಆಸ್ಪತ್ರೆಯಲ್ಲೇ ಸ್ವಲ್ಪ ಮಲಗಿಸಿ ಕರ್ಕೊಂಡು ಬರುವುದು. ನಮ್ಮ ಕಡೆ ಎಲ್ಲರ ಫೋನಲ್ಲೂ ಉಂಟು,” ಎಂದರು ಹೆಂಗಸು. “ನಿನ್ನ ನಂಬರ್ ಹೇಳು ಮಗಾ, ನಿನಗೂ ಕಳಿಸ್ತೇನೆ.”

ನಂಬರ್ ಹೇಳಿದೆ, ಮಾಡಿದ್ದು ನಾನೆಂದು ಹೇಳಲಾಗಲಿಲ್ಲ. ಮುಖ ಕಂಡರಿಯದವರು, ಕೋಣೆಯಲ್ಲಿ ಕುಳಿತು ನಾನು ಗೀಚಿದ್ದನ್ನು ನಂಬಿ, ನಿಲ್ಲಲಾರದ ಮನುಷ್ಯನನ್ನು ದಾರಿಗೆ ಕರೆತರುತ್ತಾರೆ. ಅಬ್ಬಾ, ಇಷ್ಟು ನಂಬಿಕೆ ಇವರಿಗೆ ಎಲ್ಲಿಂದ ಬಂತು ಎಂದು ಬೆರಗಾದೆ.

ಬಂಟ್ವಾಳದ ಬಸ್ ಬಂದು ಹೋಯಿತು. ನಾನು ಹತ್ತಲಿಲ್ಲ. ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತು ರಸ್ತೆಯನ್ನೇ ನೋಡುತ್ತ ನಿಂತೆ.

ಹಸಿರು ಬಸ್ ಬಂತು. ನನಗೆ ಕಣ್ಣು ತುಂಬಿತು. ಹೆಂಗಸಿಗೆ ಏನೂ ಅನ್ನಿಸಲಿಲ್ಲ. ಬರಬೇಕಾದದ್ದು ಬಂತೆಂಬಂತೆ ಎದ್ದರು. ಗಂಡನನ್ನು ಇಬ್ಬರೂ ಹಿಡಿದು ಹತ್ತಿಸಿದೆವು.

ಬಸ್ ಹೊರಟ ಮೇಲೆ ನನ್ನ ಫೋನಿಗೆ ಲಿಂಕ್ ಬಂತು. ಮನೆಗೆ ಬಂದವಳೇ ಅವರು ಕಳಿಸಿದ ಅದೇ ಲಿಂಕನ್ನು ರೆಸ್ಯೂಮೆಗೆ ಅಂಟಿಸಿದೆ. ಎಷ್ಟು ಜನ ಎಂದು ಹಾಕಲಿಲ್ಲ. ‘ನಾರಾವಿಯ ಕಡೆಯವರು ಇದನ್ನು ನೋಡಿ ಮನೆ ಸೇರುತ್ತಾರೆ’ ಎಂದಷ್ಟೇ ಬರೆದು ಕಂಪನಿಗೆ ಕಳಿಸಿದೆ.